ಕಾಗದಾ ಎಲ್ಲೈತಿ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹತ್ತಿದರೆ ಉಣಕಲ್ ದಾಟಿದ ಮೇಲೆ ಬೈರಿದೇವರಕೊಪ್ಪ. 2022ರ ಡಿಸೆಂಬರ್‌ನಲ್ಲಿ ಈ ಊರಿನ ಹೆಸರು ರಾಜ್ಯದ ಎಲ್ಲ ಚಾನೆಲ್‌ಗಳಲ್ಲೂ ಓಡಿತು. ಬಿಆರ್‌ಟಿಎಸ್ ರಸ್ತೆ ಅಗಲೀಕರಣಕ್ಕೆ ಅಲ್ಲಿನ ದರ್ಗಾ ತೆರವು; ಹೈಕೋರ್ಟ್ ಮೆಟ್ಟಿಲು ಹತ್ತಿಳಿದ ವಿಷಯ. ನಾವೂ ತೋರಿಸಿದೆವು, ಚರ್ಚೆ ಮಾಡಿದೆವು. ಎರಡು ವರ್ಷ ಕಳೆಯುವಷ್ಟರಲ್ಲಿ, 2024ರ ಅಕ್ಟೋಬರ್‌ನಲ್ಲಿ, ಪಹಣಿ ಕಾಲಂ 11ರ ಗಲಾಟೆ. ವಿಜಯಪುರದಲ್ಲಿ ಶುರುವಾಗಿದ್ದು ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಗೂ ಬಂತು. ತಾವೇ ಉಳುತ್ತಿದ್ದ ಹೊಲದ ಪಹಣಿಯಲ್ಲಿ ವಕ್ಫ್ ಹೆಸರು ಕಂಡು ರೈತರು ಬೀದಿಗಿಳಿದರು. ನವೆಂಬರ್‌ನಲ್ಲಿ ಸರ್ಕಾರ ನೋಟಿಸ್ ವಾಪಸ್ ತಗೊಳ್ಳಿ ಅಂತ ಸೂಚನೆ ಕೊಟ್ಟಿತು.

ಈ ಎರಡೂ ಸುದ್ದಿಗಳಲ್ಲಿ ಯಾರು ಸರಿ, ಯಾರು ತಪ್ಪು ಅನ್ನೋದನ್ನು ಇವತ್ತು ನಾನು ಮಾತಾಡಲು ಹೊರಟಿಲ್ಲ. ನನ್ನ ಕಿವಿಯಲ್ಲಿ ಉಳಿದದ್ದು ಒಂದೇ ಪ್ರಶ್ನೆ. ಎರಡೂ ಕಡೆ, ಎಲ್ಲ ಬಾಯಲ್ಲೂ ಅದೇ: "ಕಾಗದಾ ಎಲ್ಲೈತಿ?" ಈ ಕಡೆ ಹಿರಿಯರು ಹೊಲದ ಜಗಳಕ್ಕೆ ಬಂದ ಹುಡುಗರಿಗೆ ಹೇಳುವುದೂ ಇದನ್ನೇ. "ತಮ್ಮಾ, ಕಾಗದ ಇದ್ರ ಮಾತಾಡು, ಇಲ್ಲಂದ್ರ ಸುಮ್ಕ ಕುಂದರು."

ನಮ್ಮಲ್ಲಿ ಒಂದು ನಂಬಿಕೆ ಇದೆ. ಹಳೇ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಮಾತು ಕೊಟ್ಟರೆ ಮುಗೀತು, ಕಾಗದ ಪತ್ರದ ರಗಳೆ ಎಲ್ಲ ಬ್ರಿಟಿಷರು ತಂದಿದ್ದು ಅಂತ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಸುಳ್ಳು. ಸಾವಿರ ವರ್ಷದ ಹಿಂದೆ ಇದೇ ನೆಲದಲ್ಲಿ ಜನ ಕಾಗದ ಕೇಳುತ್ತಿದ್ದರು. ಅದು ಕಾಗದವಾಗಿರಲಿಲ್ಲ, ಅಷ್ಟೇ. ತಾಮ್ರದ್ದಾಗಿತ್ತು, ಕಲ್ಲಿನದಾಗಿತ್ತು, ಓಲೆಯದಾಗಿತ್ತು.

ಬೈರಿದೇವರಕೊಪ್ಪದಿಂದ ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರು ಕಡೆಯ ರೈಲು ಹತ್ತಿ. ಕುಂದಗೋಳ ಆಯ್ತು, ಸಂಶಿ ಆಯ್ತು, ಆಮೇಲೆ ಗುಡಗೇರಿ. ಶಾಸನಗಳ ಗುಡಿಗೆರೆ ಇದೇ. ಈ ಊರಿನಲ್ಲೊಂದು ಶಾಸನ ಸಿಕ್ಕಿತು, ಶಕ ವರ್ಷ 998ರದ್ದು. ಅಂದರೆ ಕ್ರಿ.ಶ. 1076ರ ಸುಮಾರು. ಅದರಲ್ಲಿ ಶ್ರೀನಂದಿ ಪಂಡಿತ ಎಂಬ ಜೈನ ಗುರು ಬರುತ್ತಾನೆ. ಗುಡಿಗೆರೆಯ ಹೊಲಗಳು ಅವನ ಆಡಳಿತದಲ್ಲಿದ್ದವು. ಅದರಲ್ಲಿ ಒಂದು ಭಾಗವನ್ನು ಶಿಷ್ಯ ಸಿಂಗಯ್ಯನಿಗೆ ಕೊಟ್ಟ. 15 ಮತ್ತರು ಹೊಲ ಮುನಿಗಳ ಊಟದ ಖರ್ಚಿಗೆ ಹೋಯಿತು. ಇಷ್ಟಾದರೆ ಸಾಮಾನ್ಯ ದಾನಶಾಸನ. ಇಂಥವು ಧಾರವಾಡ, ಗದಗ ಸೀಮೆಯಲ್ಲಿ ನೂರಾರಿವೆ.

ಆದರೆ ಶ್ರೀನಂದಿ ಪಂಡಿತನಿಗೆ ಈ ಹೊಲಗಳ ಮೇಲೆ ಅಧಿಕಾರ ಎಲ್ಲಿಂದ ಬಂತು? ಕಲ್ಲೇ ಹೇಳುತ್ತದೆ: ತಾಮ್ರಶಾಸನದಿಂದ. ಚಾಲುಕ್ಯ ಚಕ್ರವರ್ತಿ ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಪುಲಿಗೆರೆಯಲ್ಲಿ, ಅಂದರೆ ಇವತ್ತಿನ ಲಕ್ಷ್ಮೇಶ್ವರದಲ್ಲಿ, ಆನೆಸೆಜ್ಜೆಯ ಬಸದಿ ಕಟ್ಟಿಸಿದ್ದಳು. ಆ ಬಸದಿಯ ತಾಮ್ರಶಾಸನದ ಪ್ರಕಾರ ಹೊಲ ನನ್ನ ಕೈಯಲ್ಲಿದೆ ಅನ್ನೋದು ಅವನ ಹಕ್ಕಿನ ಬುಡ.

ಒಂದು ನಿಮಿಷ ನಿಲ್ಲಿ. ವಿಜಯಾದಿತ್ಯ ಬಾದಾಮಿ ಚಾಲುಕ್ಯ ದೊರೆ, 8ನೇ ಶತಮಾನದ ಆರಂಭದವನು. ಅವನ ಮನೆತನವನ್ನು ರಾಷ್ಟ್ರಕೂಟರು ಕಿತ್ತುಹಾಕಿದರು. ರಾಷ್ಟ್ರಕೂಟರು ಇನ್ನೂರು ವರ್ಷ ಆಳಿ ಹೋದರು. ಆಮೇಲೆ ಕಲ್ಯಾಣದ ಚಾಲುಕ್ಯರು ಬಂದು ನೂರು ವರ್ಷ ಆಗಿದೆ. ಸರ್ಕಾರ ಬದಲಾಯ್ತು, ರಾಜಧಾನಿ ಬದಲಾಯ್ತು. ಇಷ್ಟೆಲ್ಲ ಆದಮೇಲೂ ಒಬ್ಬ ಗುರು, ಮೂರು ಚಿಲ್ಲರೆ ಶತಮಾನದ ಹಿಂದಿನ ತಗಡನ್ನು ಆಧಾರವಾಗಿ ಇಟ್ಟುಕೊಂಡು ಹೊಲ ಹಂಚುತ್ತಾನೆ, ಅದನ್ನು ಕಲ್ಲಿನ ಮೇಲೆ ಕೆತ್ತಿಸುತ್ತಾನೆ. ಎರಡು ಅವಧಿ ಹಿಂದಿನ ಸರ್ಕಾರದ ಆದೇಶ ತೋರಿಸಿದರೆ ಇವತ್ತು ನಮ್ಮ ಕಚೇರಿಗಳಲ್ಲಿ ಏನು ಉತ್ತರ ಬರುತ್ತದೆ, ನೀವೇ ಬಲ್ಲಿರಿ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಗುಡಿಗೆರೆಯ ಈ ಶಾಸನವನ್ನು 1889ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟಿಸಿದ್ದು ಜೆ.ಎಫ್. ಫ್ಲೀಟ್. ಬಾಂಬೆ ಸರ್ಕಾರದ ಅಧಿಕಾರಿ, ಕನ್ನಡ ಶಾಸನಗಳ ಮೇಲೆ ಜೀವ ಇಟ್ಟವನು. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನೂ ಸಂಗ್ರಹಿಸಿ ಅಚ್ಚು ಹಾಕಿಸಿದ ಪುಣ್ಯಾತ್ಮ ಇವನೇ. ಅವನ ಕಾಲಕ್ಕೆ ಶ್ರೀನಂದಿ ಹೇಳಿದ ತಾಮ್ರಶಾಸನ ಯಾರ ಕೈಯಲ್ಲೂ ಇರಲಿಲ್ಲ. 1076ರ ಗುರುವಿನ ಮಾತು ಬರೀ ಮಾತಾಗಿಯೇ ಉಳಿದಿತ್ತು. 20ನೇ ಶತಮಾನದಲ್ಲಿ ಶಿಗ್ಗಾಂವಿಯಲ್ಲಿ ತಾಮ್ರಪಟ ಸಿಕ್ಕವು. ಓದಿದರೆ ಶಕ ವರ್ಷ 630, ಅಂದರೆ ಕ್ರಿ.ಶ. 707-708. ದೊರೆ ವಿಜಯಾದಿತ್ಯ. ಆಳುಪ ಚಿತ್ರವಾಹನನನ್ನು ನೋಡಲು ಬನವಾಸಿಗೆ ಬಂದಿದ್ದ ದೊರೆ, ಅವನ ಕೋರಿಕೆಯಂತೆ, ಪುಲಿಗೆರೆಯಲ್ಲಿ ಕುಂಕುಮ ಮಹಾದೇವಿ ಕಟ್ಟಿಸಿದ ಜಿನಭವನಕ್ಕೆ ಒಂದು ಊರನ್ನು ದಾನ ಕೊಟ್ಟ. ಊರಿನ ಹೆಸರು ಗುಡ್ಡಿಗೆರೆ.

ಶ್ರೀನಂದಿ ಪಂಡಿತ ಹೇಳಿದ್ದು ಖರೆ. ಶಕ 630ಕ್ಕೂ 998ಕ್ಕೂ ನಡುವೆ 368 ವರ್ಷ. ಅಷ್ಟೂ ಕಾಲ ಆ ದಾನದ ನೆನಪನ್ನು ಯಾರೋ ಕಾಪಾಡಿಕೊಂಡು ಬಂದಿದ್ದರು. ಮತ್ತೊಂದು ಸಂಗತಿ: ಈ ದೀರ್ಘ ದಾಖಲೆಯ ಸರಪಳಿ ಶುರುವಾಗುವುದೇ ಒಬ್ಬ ಹೆಣ್ಣುಮಗಳ ಹೆಸರಿನಿಂದ.

ತಾಮ್ರಪಟ ಹೇಗೆ ಮಾಡುತ್ತಿದ್ದರು ಅನ್ನೋದನ್ನು ನೋಡಿದರೆ ಆ ಜನ ಮೋಸದ ಬಗ್ಗೆ ಎಷ್ಟು ಯೋಚನೆ ಮಾಡಿದ್ದರು ಅಂತ ಗೊತ್ತಾಗುತ್ತದೆ. ತಗಡಿನ ಅಂಚನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತಿದ್ದರು, ಒಂದರ ಮೇಲೊಂದು ಇಟ್ಟಾಗ ಅಕ್ಷರ ಉಜ್ಜಿ ಹೋಗಬಾರದು ಅಂತ. ಎಲ್ಲ ತಗಡಿಗೂ ತೂತು, ಅದರೊಳಗೆ ಒಂದು ಬಳೆ. ಬಳೆಯ ಎರಡೂ ತುದಿಯನ್ನು ಸೇರಿಸಿ ಅದರ ಮೇಲೆ ರಾಜಮುದ್ರೆ. ಬಾದಾಮಿ ಚಾಲುಕ್ಯರದ್ದಾದರೆ ವರಾಹ. ನಡುವೆ ಒಂದು ತಗಡು ಸೇರಿಸಬೇಕು ಅಥವಾ ತೆಗೆಯಬೇಕು ಅಂದರೆ ಬಳೆ ಕತ್ತರಿಸಲೇಬೇಕು. ಕತ್ತರಿಸಿದರೆ ಗೊತ್ತಾಗುತ್ತದೆ. ಇವತ್ತಿಗೂ ಶಾಸನತಜ್ಞರ ಕೈಗೆ ತಾಮ್ರಪಟ ಬಂದರೆ ಅವರು ಮೊದಲು ಬರೆದಿಡುವ ವಿಷಯಗಳಲ್ಲಿ ಇದೂ ಒಂದು: ಬಳೆ ಇಡಿಯಾಗಿತ್ತೋ, ಕತ್ತರಿಸಿತ್ತೋ?

ತಾಮ್ರಪಟ ಮನೆಯಲ್ಲೋ ಬಸದಿಯಲ್ಲೋ ಮುಚ್ಚಿಡುವ ದಾಖಲೆ. ಕಲ್ಲು ಹಾಗಲ್ಲ, ಅದು ನೋಟಿಸ್ ಬೋರ್ಡ್. ದೇವಸ್ಥಾನದ ಮುಂದೆ, ಕೆರೆ ಏರಿಯ ಮೇಲೆ, ಎಲ್ಲರೂ ಓಡಾಡುವಲ್ಲಿ ನಿಲ್ಲಿಸುತ್ತಿದ್ದರು. ಓದಲು ಬಾರದವನಿಗೂ ಅರ್ಥವಾಗಬೇಕಲ್ಲ, ಅದಕ್ಕೆ ಮೇಲೆ ಚಿತ್ರ. ಸೂರ್ಯ ಚಂದ್ರ ಇದ್ದರೆ ಅವು ಇರುವ ತನಕ ಈ ದಾನ ನಡೆಯಬೇಕು ಅಂತ. ಲಿಂಗ ಇದ್ದರೆ ಶಿವಾಲಯದ್ದು, ಜಿನ ಇದ್ದರೆ ಬಸದಿಯದ್ದು. ಕೆಳಗೆ ಚತುಸ್ಸೀಮೆ: ಮೂಡಲಿಗೆ ಯಾರ ಹೊಲ, ಪಡುವಲಿಗೆ ಯಾವ ಹಳ್ಳ. ಇವತ್ತಿನ ಖರೀದಿ ಪತ್ರದಲ್ಲಿ ನೀವು ನೋಡುವ ಚಕ್ಕುಬಂದಿಯೇ ಅದು. ಕೊನೆಗೆ ಶಾಪ. ಅಳಿಪಿದವನಿಗೆ ವಾರಣಾಸಿಯಲ್ಲಿ ಗೋವು ಕೊಂದ ಪಾಪ. ಪೊಲೀಸ್ ಸ್ಟೇಷನ್ ಇಲ್ಲದ ಊರಲ್ಲಿ ಪಾಪದ ಭಯವೇ ಪಿಎಸ್‌ಐ. ಇದನ್ನೆಲ್ಲ ಬರೆಯುತ್ತಿದ್ದವನು ಸೇನಬೋವ. ಮುಂದೆ ಶ್ಯಾನುಭೋಗ ಆದದ್ದು ಅವನೇ. ನಮ್ಮ ಕಡೆ ಆ ಕೆಲಸಕ್ಕೆ ಕುಲಕರ್ಣಿ ಅಂದರು.

ಈಗ ಕಾನೂನಿಗೆ ಬರೋಣ. ಬೈರಿದೇವರಕೊಪ್ಪದ ಪಕ್ಕದಲ್ಲೇ ನವನಗರ. ಅಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಹಿಂದೂ ಕಾನೂನು ಓದುವ ಯಾವ ವಿದ್ಯಾರ್ಥಿಗೂ ತಪ್ಪದ ಒಂದು ಹೆಸರು ಮಿತಾಕ್ಷರ. ಬರೆದವನು ವಿಜ್ಞಾನೇಶ್ವರ, 1076ರಿಂದ 1126ರವರೆಗೆ ಆಳಿದ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲದವನು. ಕಲಬುರಗಿ ಜಿಲ್ಲೆಯ ಮರತೂರು ಅವನ ಊರು ಎಂದು ಗುರುತಿಸಿದ್ದಾರೆ. ಬಂಗಾಳದ ಕಡೆ ಬಿಟ್ಟು ದೇಶದ ಬಹುಭಾಗದಲ್ಲಿ ಅವಿಭಕ್ತ ಕುಟುಂಬದ ಆಸ್ತಿ ಲೆಕ್ಕ ನಡೆದದ್ದು ಇವನ ಪುಸ್ತಕದ ಮೇಲೆ. ಮಗನಿಗೆ ಹುಟ್ಟಿನಿಂದಲೇ ಹಕ್ಕು ಅಂದವನು ಇವನು. ಮಗಳಿಗೂ ಹುಟ್ಟಿನಿಂದಲೇ ಅಂತ ಕರ್ನಾಟಕ ಹೇಳಿದ್ದು 1994ರಲ್ಲಿ, ಇಡೀ ದೇಶ ಹೇಳಿದ್ದು 2005ರಲ್ಲಿ.

ಆಸ್ತಿ ಪಾಲಿನ ವಿಷಯಕ್ಕೆ ಮಿತಾಕ್ಷರ ಹೆಸರಾಯಿತು, ಸರಿ. ನನಗೆ ಅದರ ಸಾಕ್ಷ್ಯದ ಭಾಗವೇ ರುಚಿ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಟೀಕೆ. ಆ ಸ್ಮೃತಿಯಲ್ಲಿ ಮನುಷ್ಯ ಕೊಡಬಹುದಾದ ಪುರಾವೆ ಮೂರು: ಲಿಖಿತ, ಭುಕ್ತಿ, ಸಾಕ್ಷಿ. ಬರಹ, ಅನುಭೋಗ, ಕಂಡವರ ಮಾತು. ಸಾಲಪತ್ರ ಹೇಗಿರಬೇಕು ಅನ್ನೋದಕ್ಕೆ ಅದರಲ್ಲಿ ಪೂರ್ತಿ ನಮೂನೆಯೇ ಇದೆ. ವರ್ಷ, ತಿಂಗಳು, ಪಕ್ಷ, ದಿನ ಬರೆಯಬೇಕು. ಹೆಸರು, ತಂದೆಯ ಹೆಸರು, ಗೋತ್ರ ಬರೆಯಬೇಕು. ಇಂಥವನ ಮಗ ಇಂಥವನಾದ ನನಗೆ ಮೇಲೆ ಬರೆದದ್ದು ಒಪ್ಪಿಗೆ ಅಂತ ಸಾಲಗಾರ ತನ್ನ ಕೈಯಾರೆ ಬರೆಯಬೇಕು. ಸಾಕ್ಷಿಗಳು ತಂದೆಯ ಹೆಸರಿನ ಸಮೇತ ಸಹಿ ಹಾಕಬೇಕು. ಕೊನೆಗೆ, ಇಬ್ಬರೂ ಕೇಳಿಕೊಂಡಿದ್ದಕ್ಕೆ ನಾನು ಬರೆದೆ ಅಂತ ಬರೆದವನ ಸಹಿ. ಸ್ವಂತ ಅಕ್ಷರದಲ್ಲಿ ಬರೆದುಕೊಟ್ಟದ್ದಾದರೆ ಸಾಕ್ಷಿ ಇಲ್ಲದೆಯೂ ನಡೆಯುತ್ತದೆ, ಬಲಾತ್ಕಾರದಿಂದ ಅಥವಾ ಮೋಸದಿಂದ ಬರೆಸಿಕೊಂಡಿದ್ದರೆ ಮಾತ್ರ ಇಲ್ಲ. ಬರಹದ ಸಾಲ ಮೂರು ತಲೆಮಾರಿನವರೆಗೆ ಕಟ್ಟಬೇಕು.

ಇದೆಲ್ಲ ಸಾಲ ಕೊಟ್ಟವನ ರಕ್ಷಣೆ. ತಗೊಂಡವನ ಗತಿ? ಅದಕ್ಕೂ ಉತ್ತರ ಇದೆ. ಕಂತು ಕಟ್ಟಿದಾಗಲೆಲ್ಲ ಪತ್ರದ ಬೆನ್ನಿಗೆ ಬರೆಯಬೇಕು, ಇಲ್ಲವೇ ಸಾಹುಕಾರ ತನ್ನ ಕೈಬರಹದ ರಸೀದಿ ಕೊಡಬೇಕು. ಪೂರಾ ತೀರಿದ ಮೇಲೆ ಪತ್ರವನ್ನು ಹರಿಯಬೇಕು. ಹರಿಯಬೇಕು! ಈ ಮಾತು ಓದಿದಾಗ ನನಗೆ ನೆನಪಾದದ್ದು ಖಾಲಿ ಚೆಕ್ಕುಗಳು. ಕೈಸಾಲ ತೀರಿಸಿ ವರ್ಷವಾದರೂ ಸಹಿ ಮಾಡಿದ ಚೆಕ್ಕು ವಾಪಸ್ ಸಿಗದೆ ಕೋರ್ಟಿಗೆ ಅಲೆಯುವವರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದದ್ದು 2025ರ ಫೆಬ್ರವರಿಯಲ್ಲಿ. ಬೆನ್ನಿಗೆ ಬರಿ, ತೀರಿದ ಮೇಲೆ ಹರಿ ಅನ್ನುವ ನಿಯಮ ಅದಕ್ಕಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು.

ಬರಹ ಇದ್ದಲ್ಲಿ ಖೊಟ್ಟಿ ಬರಹವೂ ಇರುತ್ತದೆ. ರಾಜಶಾಸನದಲ್ಲಿ ಒಂದಕ್ಷರ ಹೆಚ್ಚು ಕಡಿಮೆ ಬರೆದವನಿಗೆ ದೊಡ್ಡ ದಂಡ ಅಂತ ಸ್ಮೃತಿ ಹೇಳಬೇಕಾಗಿ ಬಂತು ಅಂದರೆ, ಬರೆಯುವವರಿದ್ದರು ಅಂತಲೇ ಅರ್ಥ. ಇದಕ್ಕೆ ನೋಡಬೇಕಾದ ಊರು ಮತ್ತೆ ಲಕ್ಷ್ಮೇಶ್ವರ. ಅಲ್ಲಿನ ಶಂಖ ಬಸದಿಯಲ್ಲಿ ಒಂದು ಕಲ್ಲಿದೆ. ಗಂಗ ಮಾರಸಿಂಹ 968ರಲ್ಲಿ ಕೊಟ್ಟ ದಾನ ಅದರಲ್ಲಿದೆ. ಅದೇ ಕಲ್ಲಿನಲ್ಲಿ ಬಾದಾಮಿ ಚಾಲುಕ್ಯರು ಇನ್ನೂರು ಚಿಲ್ಲರೆ ವರ್ಷ ಹಿಂದೆ ಕೊಟ್ಟರು ಎನ್ನುವ ದಾನಗಳೂ ಇವೆ. ಆದರೆ ಲಿಪಿ ಎಲ್ಲ 10ನೇ ಶತಮಾನದ್ದು. ಫ್ಲೀಟ್‌ಗೆ ಅನುಮಾನ ಬಂತು. ಇಂಥ ಶಂಕಾಸ್ಪದ ಶಾಸನಗಳ ದೊಡ್ಡ ಪಟ್ಟಿಯನ್ನೇ ಅವನು ಮುಂದೆ ಮಾಡಿದ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗದ್ದು, ದೊರೆಯ ಕಾಲಕ್ಕೂ ಅಕ್ಷರದ ರೂಪಕ್ಕೂ ಹೊಂದದ್ದು, ಎಲ್ಲ ಸಿಕ್ಕಿಬಿದ್ದವು.

ಆದರೆ ಲಕ್ಷ್ಮೇಶ್ವರದ ಕಲ್ಲನ್ನು ಒಂದೇ ಏಟಿಗೆ ಖೊಟ್ಟಿ ಅಂದುಬಿಡಲು ನನಗೆ ಮನಸ್ಸಾಗುವುದಿಲ್ಲ. ಪತ್ರ ದೂರದೇಶದಲ್ಲಿದ್ದರೆ, ಅಕ್ಷರ ಕೆಟ್ಟಿದ್ದರೆ, ಕಳೆದರೆ, ಅಳಿಸಿಹೋದರೆ, ಕದ್ದುಹೋದರೆ, ಒಡೆದರೆ, ಸುಟ್ಟರೆ, ಹರಿದರೆ ಬೇರೆ ಪತ್ರ ಮಾಡಿಸಬೇಕು. ಇದೂ ಅದೇ ಸ್ಮೃತಿಯ ನಿಯಮ. ಬಸದಿಯವರ ಹತ್ತಿರ ಹಳೆಯ ತಗಡುಗಳಿದ್ದು, ನಾಳೆ ಹೋದರೆ ಗತಿಯೇನು ಅಂತ ಒಂದೇ ಕಲ್ಲಿನ ಮೇಲೆ ಎಲ್ಲವನ್ನೂ ನಕಲು ಮಾಡಿಸಿದ್ದರೆ? ನಕಲು ಬೇರೆ, ನಕಲಿ ಬೇರೆ. ಇದೇ ಲಕ್ಷ್ಮೇಶ್ವರದ ಇನ್ನೊಂದು ಬಸದಿ ಹೇಳಿದ ತಾಮ್ರಪಟ ನಿಜವಾಗಿಯೂ ಶಿಗ್ಗಾಂವಿಯಲ್ಲಿ ಸಿಕ್ಕಿತಲ್ಲ? ಆ ಜನ ದಾಖಲೆ ಇಡುವುದರಲ್ಲಿ ಗಟ್ಟಿಗರು ಅನ್ನೋದಂತೂ ಸ್ಪಷ್ಟ.

ಹೊರಗಿನ ಲೋಕವನ್ನೂ ಒಮ್ಮೆ ನೋಡಿಬಿಡೋಣ. ಇಂಗ್ಲೆಂಡಿನಲ್ಲಿ ಯಾರ ಹೊಲ ಯಾರದ್ದು ಅಂತ ದೇಶಕ್ಕೆ ದೇಶವನ್ನೇ ವಿಚಾರಿಸಿ ಡೂಮ್ಸ್‌ಡೇ ಪುಸ್ತಕ ಬರೆಸಿದ್ದು 1086ರಲ್ಲಿ, ಗುಡಿಗೆರೆಯ ಶಾಸನ ಆಗಿ ಹತ್ತು ವರ್ಷಕ್ಕೆ. ಅಲ್ಲಿ ಕರಾರು ಪತ್ರಕ್ಕೆ ಒಂದು ಚಂದದ ಉಪಾಯ ಇತ್ತು. ಒಂದೇ ತೊಗಲಿನ ಹಾಳೆಯಲ್ಲಿ ಎರಡು ಸಲ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸಿ, ಒಬ್ಬೊಬ್ಬರಿಗೆ ಒಂದೊಂದು ತುಂಡು. ತಕರಾರು ಬಂದರೆ ಎರಡನ್ನೂ ಜೋಡಿಸಿ ನೋಡುವುದು. ನಮ್ಮಲ್ಲಿ ಬಳೆ, ಅವರಲ್ಲಿ ಕತ್ತರಿ.

ಇಷ್ಟು ಕೇಳಿದ ಮೇಲೆ ಒಬ್ಬರು ಕೇಳಬಹುದು. ಹಾಗಾದರೆ ಹಳೇ ಪತ್ರ ಹಿಡಿದು ಬಂದವನಿಗೆಲ್ಲ ಹೊಲ ಬಿಟ್ಟುಕೊಡಬೇಕಾ? ಪಹಣಿ ಗಲಾಟೆಯ ಹೊತ್ತಿನಲ್ಲಿ ರೈತರ ಎದೆ ಹೊಡೆದುಕೊಂಡದ್ದು ಇದಕ್ಕೇ. ಮಿತಾಕ್ಷರದ ಕಾಲದ ಪಂಡಿತರು ಈ ಪ್ರಶ್ನೆಯ ಮೇಲೆ ಬಹಳ ಜಗಳವಾಡಿದ್ದಾರೆ. ಸ್ಮೃತಿಯ ನಿಲುವು ಹೀಗೆ: ಹಕ್ಕಿನ ಮೂಲ, ಅಂದರೆ ಆಗಮ, ಅನುಭೋಗಕ್ಕಿಂತ ದೊಡ್ಡದು. ಆದರೆ ತಲೆತಲಾಂತರದಿಂದ ಬಂದ ಅನುಭೋಗಕ್ಕೆ ಅದು ಲಗಾವಾಗುವುದಿಲ್ಲ. ಮತ್ತು ಸ್ವಲ್ಪವೂ ಅನುಭೋಗ ಇಲ್ಲದ ಕಡೆ ಬರೀ ಆಗಮಕ್ಕೆ ಬಲ ಇಲ್ಲ. ಪತ್ರ ಇದೆ, ಆದರೆ ಹೊಲಕ್ಕೆ ಒಂದು ದಿನವೂ ಕಾಲಿಟ್ಟಿಲ್ಲ ಅಂದರೆ ಪತ್ರ ತೂಗುವುದಿಲ್ಲ.

ಎಷ್ಟು ವರ್ಷ? ಕಣ್ಣೆದುರೇ ಬೇರೆಯವನು ಉಳುತ್ತಿದ್ದರೂ ಒಡೆಯ 20 ವರ್ಷ ಬಾಯಿ ಬಿಡದಿದ್ದರೆ ಅವನಿಗೆ ನಷ್ಟ ಅಂತ ಸ್ಮೃತಿ. ಏನು ನಷ್ಟ? ಇಲ್ಲಿ ವಿಜ್ಞಾನೇಶ್ವರ ಬಿಗಿ ಹಿಡಿಯುತ್ತಾನೆ. ಅಷ್ಟು ವರ್ಷದ ಬೆಳೆ ಹೋಯಿತು, ನೆಲ ಹೋಗಲಿಲ್ಲ ಅನ್ನುತ್ತಾನೆ. ಸುಮ್ಮನೆ ಕೂತ ಮಾತ್ರಕ್ಕೆ ನೆಲದ ಒಡೆತನವೇ ಹಾರಿಹೋಗುತ್ತದೆ ಅನ್ನೋದನ್ನು ಅವನು ಒಪ್ಪುವುದಿಲ್ಲ. ಆದರೆ ಮನುಷ್ಯರ ನೆನಪು ಮುಟ್ಟದಷ್ಟು ಹಳೆಯ, ಅಂದರೆ ನೂರು ವರ್ಷಕ್ಕೂ ಮೀರಿದ ಅನುಭೋಗಕ್ಕೆ ಪತ್ರ ಕೇಳುವ ಹಾಗಿಲ್ಲ. ಮನುಷ್ಯನ ಆಯುಷ್ಯ ನೂರು, ಅದರಾಚೆಗೆ ಕಂಡವರು ಯಾರು? ಇವತ್ತಿನ 1963ರ ಕಾಲಮಿತಿ ಕಾಯ್ದೆಯಲ್ಲಿ ಖಾಸಗಿ ಜಮೀನಿಗೆ 12 ವರ್ಷ, ಸರ್ಕಾರಿ ಜಮೀನಿಗೆ 30 ವರ್ಷ. ನಾವು ಅವನಿಗಿಂತ ಅವಸರದವರು.

ನನ್ನ ಮಟ್ಟಿಗೆ ಗುಡಿಗೆರೆಯ ತಾಮ್ರಪಟ 368 ವರ್ಷ ಜೀವ ಹಿಡಿದದ್ದರ ಗುಟ್ಟು ಇಲ್ಲಿದೆ. ಪತ್ರವನ್ನು ಪೆಟ್ಟಿಗೆಯಲ್ಲಿ ಹಾಕಿ ಮರೆಯಲಿಲ್ಲ. ಊರ ಗಾವುಂಡರಿಗೆ ಗೊತ್ತಿರುವ ಹಾಗೆ, ಹೊಲದ ಸೀಮೆ ಹೇಳಿ, ಮುನಿಗಳ ಊಟಕ್ಕೆ ಹಚ್ಚಿ, ಮತ್ತೆ ಕಲ್ಲಿನ ಮೇಲೆ ಕೆತ್ತಿಸಿದರು. ಲಿಖಿತ, ಭುಕ್ತಿ, ಸಾಕ್ಷಿ ಮೂರೂ ಒಂದೇ ಕಡೆ ಕೂತವು.

ಆದರೆ ಒಂದು ಮಾತು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆ ಕಲ್ಲಿನಲ್ಲಿ ದೊರೆ ಇದ್ದಾನೆ, ದೊರೆಯ ತಂಗಿ ಇದ್ದಾಳೆ, ಗುರು ಇದ್ದಾನೆ, ಶಿಷ್ಯ ಇದ್ದಾನೆ. ಆ 15 ಮತ್ತರು ಹೊಲದಲ್ಲಿ ರಂಟಿ ಹೊಡೆದವನು ಯಾರು? ಅವನ ಹೆಸರಿಗೆ ತಾಮ್ರ ಇಲ್ಲ, ಕಲ್ಲಿಲ್ಲ, ಓಲೆಯೂ ಇಲ್ಲ. ದಾಖಲೆ ಅನ್ನೋದು ಬರೆಸಿಕೊಳ್ಳುವ ತಾಕತ್ತು ಇದ್ದವರ ಆಸ್ತಿಯಾಗಿತ್ತು. ಈ ಲೆಕ್ಕ ತಿರುಗಿದ್ದು ತೀರಾ ಇತ್ತೀಚೆಗೆ, 1974ರ ಮಾರ್ಚ್ 1ರಂದು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಯಾದ ದಿನ. ಗೇಣಿದಾರ ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕು. ಒಡೆಯನ ಹತ್ತಿರ ಮೂರು ತಲೆಮಾರಿನ ಪತ್ರ. ಇವನ ಹತ್ತಿರ ಗೇಣಿ ಕೊಟ್ಟದ್ದಕ್ಕೆ ಚೀಟಿ ಕೂಡ ಇಲ್ಲ, ಕೊಟ್ಟವರಿದ್ದರಲ್ಲವೇ? ಆ ಮಂಡಳಿಗಳಲ್ಲಿ ವಕೀಲರಿಗೆ ಪ್ರವೇಶ ಇರಲಿಲ್ಲ. ಪಕ್ಕದ ಹೊಲದವರು ಬಂದು ನಿಂತರು. "ಹೌದ್ರೀ ಸಾಹೇಬ್ರ, ಇವರಪ್ಪನ ಕಾಲದಿಂದ್ಲೂ ಇವರ ಮಾಡ್ಯಾರ." ಸಾಕ್ಷಿ ಮತ್ತು ಭುಕ್ತಿ ಸೇರಿ ಲಿಖಿತವನ್ನು ಸೋಲಿಸಿದ ಕಾಲ ಅದು. ಎಲ್ಲ ಕಡೆ ಗೆದ್ದರು ಅಂತಲ್ಲ. ಒಡೆಯನಿಗೆ ಹೆದರಿ ಫಾರಂ ತುಂಬದೇ ಹೊಲ ಕಳಕೊಂಡವರೂ ಇದ್ದಾರೆ. ಆದರೆ ಗೆದ್ದವನ ಕೈಗೆ ಅವನ ವಂಶದಲ್ಲೇ ಮೊದಲ ಸಲ ಒಂದು ಪತ್ರ ಬಂತು: ಅಧಿಭೋಗದ ಪ್ರಮಾಣಪತ್ರ, ಫಾರಂ 10.

ಆ ಫಾರಂ 10 ಈಗ ಮೊಮ್ಮಕ್ಕಳ ಟ್ರಂಕಿನೊಳಗಿದೆ. ಕೆಲವರದ್ದು ಮಳೆಗೆ ನೆನೆದು ಅಕ್ಷರ ಅಳಿಸಿದೆ, ಕೆಲವರದ್ದು ಇಲಿ ಹರಿದಿದೆ, ಕೆಲವರದ್ದು ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊಲ ಭಾಗ ಮಾಡಬೇಕು, ಸಾಲ ತಗೀಬೇಕು, ಹೆದ್ದಾರಿಗೆ ಹೋದ ಜಾಗಕ್ಕೆ ಪರಿಹಾರ ಕೇಳಬೇಕು ಅಂದಾಗ ತಾಲೂಕು ಕಚೇರಿಯ ಕಿಟಕಿಯಾಚೆಯಿಂದ ಅದೇ ಪ್ರಶ್ನೆ ಬರುತ್ತದೆ. ದೃಢೀಕೃತ ನಕಲಿಗೆ ಅರ್ಜಿ ಬರೆದು, ಕೋರ್ಟ್ ಫೀ ಸ್ಟಾಂಪ್ ಹಚ್ಚಿ, ರೆಕಾರ್ಡ್ ರೂಮಿನಲ್ಲಿ ಆ ಫೈಲು ಸಿಗುವವರೆಗೂ ಅವರು ಅಲ್ಲೇ ಕಟ್ಟೆಯ ಮೇಲೆ ಕೂತಿರುತ್ತಾರೆ.